ದಾಲ್ ಮಿಲ್ಲಿನ ಪಗಾರ ಪತ್ರಕ ಮತ್ತು ಎಚ್‌ಆರ್ ತಂತ್ರಾಂಶದ ಆಯ್ಕೆ

ಸಿಬ್ಬಂದಿಯ ಹಾಜರಿ, ಪಗಾರದ ಲೆಕ್ಕ ಇಡುವ ಎಚ್‌ಆರ್ ತಂತ್ರಾಂಶ ಮಾರಲು ಬರುವವರು ಮೊದಲು ತೋರಿಸುವುದು ಮಾಲೀಕರು ನೋಡುವ ಪರದೆಯನ್ನು. ಇಂದು ಎಷ್ಟು ಜನ ಹಾಜರಿದ್ದಾರೆ, ಈ ತಿಂಗಳ ಸಂಬಳದ ಒಟ್ಟು ಮೊತ್ತ ಎಷ್ಟು ಎಂಬುದೆಲ್ಲ ಅಲ್ಲಿ ಬಣ್ಣದ ನಕ್ಷೆಗಳಲ್ಲಿ ಅಚ್ಚುಕಟ್ಟಾಗಿ ಕಾಣುತ್ತದೆ. ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ತೊಗರಿಬೇಳೆ ತಯಾರಿಸಿ ಪ್ಯಾಕ್ ಮಾಡುವ ನಮ್ಮ ಕಂಪನಿಗೆ ಇಂಥದೊಂದು ತಂತ್ರಾಂಶ ಆರಿಸುವ ಹೊಣೆ ನನ್ನ ಪಾಲಿಗೆ ಬಂದಾಗ ನಾನು ಪರೀಕ್ಷೆಯನ್ನು ಇನ್ನೊಂದು ತುದಿಯಿಂದ ಆರಂಭಿಸಿದೆ. ಪಗಾರ ಪತ್ರಕದಲ್ಲಿ ಯಾರ ಲೆಕ್ಕ ಅತ್ಯಂತ ತೊಡಕಿನದೋ ಅವರ ಲೆಕ್ಕವನ್ನು ಇದು ಸರಿಯಾಗಿ ಹಾಕಬಲ್ಲದೇ, ಹಾಕಿದ ಲೆಕ್ಕ ಅವರಿಗೆ ಅರ್ಥವಾಗುವಂತೆ ತೋರಿಸಬಲ್ಲದೇ ಎಂಬುದೇ ನನ್ನ ಮೊದಲ ಪ್ರಶ್ನೆಯಾಗಿತ್ತು. ತಿಂಗಳ ಸಂಬಳದವರ ಲೆಕ್ಕವನ್ನು ಯಾವ ತಂತ್ರಾಂಶವಾದರೂ ಹಾಕುತ್ತದೆ.

ನಮ್ಮಲ್ಲಿ ಒಂದೇ ಗೇಟಿನಿಂದ ಒಳಬರುವವರ ಪಗಾರ ನಾಲ್ಕು ಬಗೆಯದು. ಕಚೇರಿಯವರು ಮತ್ತು ಯಂತ್ರ ನೋಡಿಕೊಳ್ಳುವವರು ತಿಂಗಳ ಸಂಬಳದವರು; ಪ್ಯಾಕಿಂಗ್ ವಿಭಾಗದ ಹೆಣ್ಣುಮಕ್ಕಳು ದಿನಗೂಲಿಯವರು; ಹೊಸ ತೊಗರಿಯ ಆವಕ ಶುರುವಾದಾಗ ಗುತ್ತಿಗೆದಾರರ ಮೂಲಕ ಬರುವವರು ಬೇರೆ; ಚೀಲದ ಲೆಕ್ಕದಲ್ಲಿ ದುಡಿಯುವ ಹಮಾಲರು ಇನ್ನೂ ಬೇರೆ. ಡಿಸೆಂಬರ್ ಕೊನೆಯಿಂದ ಕೆಲವು ತಿಂಗಳು ಮಿಲ್ಲು ಹಗಲುರಾತ್ರಿ ನಡೆಯುವುದರಿಂದ, ಒಬ್ಬರೇ ಕೆಲಸಗಾರರು ಒಂದೇ ವಾರದಲ್ಲಿ ಎರಡು ಪಾಳಿಗಳಲ್ಲಿ ದುಡಿದು, ಓವರ್‌ಟೈಮ್ ಮಾಡಿ, ನಡುವೆ ಊರಿನ ಕಾರ್ಯಕ್ಕೆಂದು ಮುಂಗಡ ಪಡೆದಿರುತ್ತಾರೆ. ಈ ಎಲ್ಲ ಲೆಕ್ಕ ಹಾಜರಿ ಪುಸ್ತಕ, ಲೆಕ್ಕ ಬರೆಯುವ ಮುನೀಮರ ವಹಿ ಮತ್ತು ಎಕ್ಸೆಲ್ ಹಾಳೆಗಳಲ್ಲಿ ಹಂಚಿಹೋಗಿತ್ತು. ಅವುಗಳನ್ನು ಜೋಡಿಸುವ ಬಗೆ ಮುನೀಮರೊಬ್ಬರಿಗೇ ಗೊತ್ತಿತ್ತು. ತಂತ್ರಾಂಶ ಬೇಕೆನ್ನಲು ನನಗೆ ಅದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ.

ಆದ್ದರಿಂದ ಮಾರಾಟಗಾರರ ಮಾದರಿ ದತ್ತಾಂಶದ ಡೆಮೊ ನೋಡುವುದನ್ನು ಬಿಟ್ಟು, ಗದ್ದಲದ ಒಂದು ಜನವರಿ ತಿಂಗಳ ನಮ್ಮದೇ ದಾಖಲೆಗಳನ್ನು, ಹೆಸರು ಮತ್ತು ಆಧಾರ್ ಸಂಖ್ಯೆಗಳನ್ನು ತೆಗೆದು, ಅವರಿಗೆ ಕೊಟ್ಟೆವು. ಕೈಯಿಂದ ಲೆಕ್ಕ ಹಾಕಿ ತಾಳೆ ನೋಡಿದ ಉತ್ತರ ನಮ್ಮ ಬಳಿ ಇತ್ತು. ಮೊದಲ ತೊಡಕು ರಾತ್ರಿ ಪಾಳಿಯಲ್ಲೇ ಎದುರಾಯಿತು. ರಾತ್ರಿ 10ಕ್ಕೆ ಒಳಬಂದವರು ಬೆಳಿಗ್ಗೆ 6ಕ್ಕೆ ಹೊರಹೋದರೆ, ನಡುವೆ ದಿನಾಂಕ ಬದಲಾದುದರಿಂದ ಎರಡೂ ದಿನಗಳಲ್ಲಿ ಹಾಜರಿ ಅಪೂರ್ಣವೆಂದು ತೋರಿಸುವ ತಂತ್ರಾಂಶಗಳಿವೆ.

ಓವರ್‌ಟೈಮ್ ವಿಷಯದಲ್ಲಿ ತೊಡಕು ಇನ್ನೂ ಆಳವಾದದ್ದು. ದಿನಕ್ಕೆ 9 ಅಥವಾ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಇಮ್ಮಡಿ ದರ ಕೊಡಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆ ಹೇಳಿತ್ತು. ನಾವು ಪರಿಶೀಲನೆ ನಡೆಸಿದಾಗ ಇದ್ದ ನಿಯಮಗಳ ಪ್ರಕಾರ ಆ ಮೊತ್ತ ಪಿಎಫ್ (ನೌಕರರ ಭವಿಷ್ಯ ನಿಧಿ) ಲೆಕ್ಕಕ್ಕೆ ಸೇರುತ್ತಿರಲಿಲ್ಲ, ಇಎಸ್‌ಐ (ನೌಕರರ ರಾಜ್ಯ ವಿಮೆ) ವಂತಿಗೆಯ ಲೆಕ್ಕಕ್ಕೆ ಸೇರುತ್ತಿತ್ತು, ಆದರೆ ಕೆಲಸಗಾರರು ಇಎಸ್‌ಐ ವ್ಯಾಪ್ತಿಯ 21,000 ರೂಪಾಯಿ ಮಿತಿಯನ್ನು ದಾಟಿದರೇ ಎಂದು ನೋಡುವಾಗ ಮತ್ತೆ ಸೇರುತ್ತಿರಲಿಲ್ಲ. ಇನ್ನು ಮೂಲ ವೇತನವೇ ಹೆಚ್ಚಿ ಮಿತಿ ದಾಟಿದರೂ, ಏಪ್ರಿಲ್–ಸೆಪ್ಟೆಂಬರ್ ಅಥವಾ ಅಕ್ಟೋಬರ್–ಮಾರ್ಚ್ ವಂತಿಗೆ ಅವಧಿ ಮುಗಿಯುವವರೆಗೆ ಅವರು ವ್ಯಾಪ್ತಿಯಲ್ಲೇ ಉಳಿಯುತ್ತಾರೆ. ನಾವು ನೋಡಿದ ಒಂದು ತಂತ್ರಾಂಶ ಓವರ್‌ಟೈಮ್ ಸೇರಿಸಿ 21,000 ದಾಟಿದವರನ್ನು ಅದೇ ತಿಂಗಳು ಇಎಸ್‌ಐ ಪಟ್ಟಿಯಿಂದ ಕೈಬಿಟ್ಟಿತು. ಪರದೆಯ ಮೇಲೆ ಅದು ಒಂದು ಖಾಲಿ ಅಂಕಣ ಅಷ್ಟೆ. ಆದರೆ ಆ ಕೆಲಸಗಾರರ ಮನೆಯವರು ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಗೆ ಹೋದಾಗ, ಅವರ ಹೆಸರಿನಲ್ಲಿ ವಂತಿಗೆ ಜಮಾ ಆಗಿದೆಯೇ ಇಲ್ಲವೇ ಎಂಬ ಪ್ರಶ್ನೆ ಅದು. ಆ ತಂತ್ರಾಂಶದ ಉಳಿದ ಸೊಗಸನ್ನು ನಾವು ಮತ್ತೆ ನೋಡಲಿಲ್ಲ.

ಸಣ್ಣ ಮೊತ್ತಗಳನ್ನೂ ಇದೇ ಕಾಳಜಿಯಿಂದ ನೋಡಬೇಕು. ಇಎಸ್‌ಐಗೆ ಕೆಲಸಗಾರರ ಪಾಲು ಶೇ 0.75, ಮಾಲೀಕರ ಪಾಲು ಶೇ 3.25, ಬಂದ ಮೊತ್ತವನ್ನು ಮುಂದಿನ ಪೂರ್ಣ ರೂಪಾಯಿಗೆ ಏರಿಸಬೇಕು. 13,350 ರೂಪಾಯಿಗೆ 100.125 ಬರುತ್ತದೆ, ಕಡಿತವಾಗಬೇಕಾದದ್ದು 101. ಕರ್ನಾಟಕದ ವೃತ್ತಿ ತೆರಿಗೆಯಂತೂ 25,000 ರೂಪಾಯಿ ಅಥವಾ ಹೆಚ್ಚು ಸಂಬಳ ಇರುವವರಿಗೆ ತಿಂಗಳಿಗೆ 200 ಇದ್ದದ್ದು, 2025ರ ಏಪ್ರಿಲ್‌ನಿಂದ ಫೆಬ್ರುವರಿ ತಿಂಗಳಲ್ಲಿ ಮಾತ್ರ 300 ಆಗಿದೆ; ಬೇರೆ ರಾಜ್ಯದ ಪದ್ಧತಿಯನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ತಂತ್ರಾಂಶಕ್ಕೆ ಇದನ್ನು ಹೇಳಿಕೊಡಬೇಕಾಗುತ್ತದೆ.

ಇಂದಿನ ನಿಯಮ ಗೊತ್ತಿದ್ದರಷ್ಟೇ ಸಾಲದು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ವೇತನದ ವ್ಯಾಖ್ಯೆಯೇ ಬದಲಾಯಿತು: ಭತ್ಯೆಗಳಂಥ ಹೊರಗಿಟ್ಟ ಬಾಬುಗಳು ಒಟ್ಟು ಮೊತ್ತದ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ವೇತನಕ್ಕೇ ಸೇರಿಸಬೇಕು. ಆದ್ದರಿಂದ ಪ್ರತಿ ನಿಯಮಕ್ಕೂ ಜಾರಿಯ ದಿನಾಂಕವನ್ನು ಬೇರೆಯಾಗಿ ದಾಖಲಿಸಿ, ಹಳೆಯ ತಿಂಗಳ ಬಾಕಿಯನ್ನು ಹಳೆಯ ನಿಯಮದಂತೆಯೂ ಹೊಸ ತಿಂಗಳದ್ದನ್ನು ಹೊಸ ನಿಯಮದಂತೆಯೂ ಹಾಕಬಲ್ಲ ತಂತ್ರಾಂಶವನ್ನು ಮಾತ್ರ ಪಟ್ಟಿಯಲ್ಲಿ ಉಳಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹಳೆಯ ದಾಖಲೆಗಳನ್ನು ಹೊಸದಕ್ಕೆ ಸಾಗಿಸುವ ಕೆಲಸ ಮಾರಾಟಗಾರರು ಹೇಳುವಷ್ಟು ಸಲೀಸಲ್ಲ. ನಮ್ಮ ಭಾಗದಲ್ಲಿ ಒಂದೇ ಹೆಸರು ಆಧಾರ್‌ನಲ್ಲಿ ಬಸವರಾಜ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬಸ್ವರಾಜ ಎಂದಿರುತ್ತದೆ. ಶರಣಪ್ಪ ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂದೊಂದು ಕಚೇರಿಯದು ಒಂದೊಂದು ಕಾಗುಣಿತ. 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿಯಾದ ಮೇಲೆ ವಿಳಾಸಗಳಲ್ಲೂ ಎರಡು ಹೆಸರುಗಳಿವೆ. ಪಿಎಫ್‌ನ ಯುಎಎನ್‌ನಲ್ಲಿ (ಸದಸ್ಯರ ಖಾತೆ ಸಂಖ್ಯೆಯಲ್ಲಿ) ಇರುವ ಹೆಸರು ಆಧಾರ್‌ಗೆ ಹೊಂದದಿದ್ದರೆ ಹಣ ಹಿಂಪಡೆಯುವಾಗ ಕಷ್ಟಪಡುವವರು ಕೆಲಸಗಾರರೇ. ಅದಕ್ಕಾಗಿ ಪ್ರತಿಯೊಬ್ಬರನ್ನೂ ಕರೆದು, ಅವರ ಎದುರಿನಲ್ಲೇ ದಾಖಲೆಗಳನ್ನು ತಾಳೆ ನೋಡಿ, ಆಮೇಲೆ ತುಂಬಿಸಿದೆವು. ಈ ಹಂತಕ್ಕೆ ತಂತ್ರಾಂಶ ಖರೀದಿಗಿಂತ ಹೆಚ್ಚು ಸಮಯ ಹಿಡಿಯಿತು, ಹಿಡಿಯಬೇಕಾದದ್ದೂ ಅಷ್ಟೇ.

ಹಾಜರಿ ಯಂತ್ರದ ಬಗ್ಗೆಯೂ ಇಷ್ಟು ಹೇಳಬೇಕು. ವರ್ಷಗಟ್ಟಲೆ ಗೋಣಿಚೀಲ ಹೊತ್ತ ಕೈಗಳ ಬೆರಳಚ್ಚು ಸವೆದಿರುತ್ತದೆ. ಜೊತೆಗೆ ಬೇಳೆ ಒಡೆಯುವ ಜಾಗದ ಧೂಳು ಬೇರೆ. ಮುಖ ಗುರುತಿಸುವ ಯಂತ್ರ ವಾಸಿಯೆನಿಸಿತು, ಆದರೆ ಕರೆಂಟು ಅಥವಾ ನೆಟ್‌ವರ್ಕ್ ಇಲ್ಲದಾಗ ಹಾಜರಿಯನ್ನು ತನ್ನಲ್ಲೇ ಹಿಡಿದಿಟ್ಟುಕೊಂಡು ಆಮೇಲೆ ಕಳಿಸಬೇಕೆಂಬ ಷರತ್ತು ಹಾಕಿದೆವು. ಯಂತ್ರ ಗುರುತಿಸದಿದ್ದರೆ ಮೇಲ್ವಿಚಾರಕರು ಕಾರಣ ಬರೆದು ಹಾಜರಿ ಹಾಕಬಹುದು. ದುಡಿದವರ ದಿನ ಯಂತ್ರದ ದೋಷಕ್ಕಾಗಿ ಕಳೆಯಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ, ಮಾಹಿತಿಯನ್ನು ಮಾರಾಟಗಾರರ ಸರ್ವರ್‌ನಲ್ಲಿ ಇಟ್ಟರೂ ಅದರ ಹೊಣೆ ಕಂಪನಿಯದೇ. ಹಾಗಾಗಿ ಕೆಲಸ ಬಿಟ್ಟವರ ಮುಖಚಿತ್ರವನ್ನು ಅಳಿಸುವ ವಿಧಾನವನ್ನೂ ಒಪ್ಪಂದದಲ್ಲಿ ಬರೆಸಿಕೊಂಡೆವು.

ರಜೆಯ ಪಟ್ಟಿ ಮೊದಲೇ ಸಿದ್ಧವಾಗಿ ಬರುತ್ತದೆ, ಆದರೆ ಅದರಲ್ಲಿ ಎಳ್ಳ ಅಮಾವಾಸ್ಯೆ ಇರುವುದಿಲ್ಲ. ಆ ದಿನ ಕಲಬುರಗಿ ಮತ್ತು ಬೀದರ್ ಕಡೆಯ ಹಳ್ಳಿಗಳಿಂದ ಬರುವವರೆಲ್ಲ ಬಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಮಿಲ್ಲು ತೆರೆದಿದ್ದರೂ ಜನ ಇರುವುದಿಲ್ಲ. ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸು, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ಬೇಸಿಗೆಯಲ್ಲಿ ಬೇಗ ಶುರುವಾಗುವ ಪಾಳಿ ಇವನ್ನೆಲ್ಲ ನಾವೇ ಸೇರಿಸಿದೆವು.

ಬಳಕೆಗೆ ತಂದ ಬಗೆ ಸರಳವಾದದ್ದು: ಹಾಜರಿ ಪುಸ್ತಕವನ್ನು ತಕ್ಷಣ ಮುಚ್ಚದೆ, ಎರಡೂ ಲೆಕ್ಕ ಒಂದೇ ಆಗುವವರೆಗೆ ಜೊತೆಯಾಗಿ ನಡೆಸಿದೆವು; ವ್ಯತ್ಯಾಸ ಬಂದಲ್ಲೆಲ್ಲ ಮುನೀಮರ ಮಾತನ್ನು ಮೊದಲು ಕೇಳಿದೆವು. ಪಗಾರ ಚೀಟಿಯನ್ನು ಕನ್ನಡದಲ್ಲಿ ಮುದ್ರಿಸಿ ಕೊಡುತ್ತೇವೆ. ಅದರಲ್ಲಿ ಹಾಜರಿ ದಿನಗಳು, ಓವರ್‌ಟೈಮ್ ಗಂಟೆಗಳು, ಕಡಿತವಾದ ಮುಂಗಡ ಮತ್ತು ಉಳಿದ ಮುಂಗಡ ಬೇರೆಬೇರೆ ಸಾಲಿನಲ್ಲಿವೆ. “ಸಾಹೇಬ್ರ, ಈ ತಿಂಗಳ ಪಗಾರ ಯಾಕ ಕಮ್ಮಿ ಬಂದದ?” ಎಂದು ಕೇಳುತ್ತಿದ್ದವರು ಈಗ ಚೀಟಿಯ ಮೇಲೆ ಬೆರಳಿಟ್ಟು, ಇಂಥ ದಿನದ ಓವರ್‌ಟೈಮ್ ಇಲ್ಲಿ ಬಂದಿಲ್ಲ ಎಂದು ಕೇಳುತ್ತಾರೆ. ಇಂಥ ಪ್ರಶ್ನೆಗಳು ಹೆಚ್ಚಾದದ್ದನ್ನು ಆಡಳಿತದವರು ತಂತ್ರಾಂಶದ ದೋಷವೆಂದು ಭಾವಿಸಿದರು. ನಾನು ಅದನ್ನು ಇದರಿಂದ ಆದ ಅತಿ ದೊಡ್ಡ ಲಾಭವೆಂದು ಅವರಿಗೆ ವಾದಿಸಿ ಹೇಳಿದ್ದೇನೆ.

ಬೆಲೆಯ ಮಾತು ಕೊನೆಯಲ್ಲಿ ಬಂತು. ತಲೆಗಿಷ್ಟು ಎಂದು ತಿಂಗಳಿಗೆ ಹಣ ಕೇಳುವ ಪದ್ಧತಿ ಹಂಗಾಮಿನಲ್ಲಿ ಜನ ಹೆಚ್ಚುವ ನಮ್ಮಂಥವರಿಗೆ ದುಬಾರಿ; ಕೆಲಸದಲ್ಲಿರುವವರ ಸಂಖ್ಯೆಗೆ ಮಾತ್ರ ಹಣ ಎಂದು ಬರೆಸಿಕೊಳ್ಳಬೇಕಾಯಿತು. ಫ್ರಾಪೆ ಎಚ್‌ಆರ್‌ನಂಥ ಮುಕ್ತ ತಂತ್ರಾಂಶವನ್ನೂ ಪರಿಶೀಲಿಸಿದೆವು, ಆದರೆ ಅದನ್ನು ನಡೆಸಿಕೊಂಡು ಹೋಗಬಲ್ಲವರು ಕಚೇರಿಯಲ್ಲಿ ಇರಲಿಲ್ಲ. ಒಪ್ಪಂದ ಮುಗಿದರೆ ಎಲ್ಲ ದಾಖಲೆಗಳನ್ನು ಎಕ್ಸೆಲ್ ರೂಪದಲ್ಲಿ ಮರಳಿಸಬೇಕೆಂಬ ಷರತ್ತಿಗೆ ಒಪ್ಪದವರೊಂದಿಗೆ ಮಾತು ಮುಂದುವರಿಸಲಿಲ್ಲ. ಹಮಾಲರ ಚೀಲದ ಲೆಕ್ಕ ಮಾತ್ರ ಈಗಲೂ ಹೊರಗೇ ಇದೆ: ಒಂದು ಲಾರಿಯ ಹಮಾಲಿ ಕೂಲಿಯು ಗುಂಪಿನವರಲ್ಲಿ ಹಂಚಿಕೆಯಾಗುವ ಬಗೆ ಪ್ರತಿ ಸಲ ಬದಲಾಗುತ್ತದೆ, ಅದನ್ನು ಈ ತಂತ್ರಾಂಶ ಹಿಡಿಯಲಾರದು. ಮುಂದಿನ ತೊಗರಿ ಹಂಗಾಮಿಗೆ ಮುನ್ನ ಅದನ್ನು ಸೇರಿಸಿಕೊಡಬೇಕೆಂದು ನವೀಕರಣದ ಕರಾರಿನಲ್ಲಿ ಕೇಳಿದ್ದೇವೆ. ಅಲ್ಲಿಯವರೆಗೆ ಆ ಬಟವಡೆ ಮುನೀಮರ ವಹಿಯಿಂದಲೇ ನಡೆಯುತ್ತದೆ.