ಚಿಯರ್ ಕೋಚ್ ಆಗಿ ನನ್ನ ಮೊದಲ ಬೇಸಿಗೆ

ಈ ವರ್ಷದಿಂದ ನಾನು ನಮ್ಮ ಹೈಸ್ಕೂಲಿನ ಚಿಯರ್ ತಂಡದ ಕೋಚ್. ಟೆಕ್ಸಸ್‌ನಲ್ಲಿ ಕೆಮಿಸ್ಟ್ರಿ ಪಾಠ ಮಾಡಿಕೊಂಡಿದ್ದೆ. ಹಳೆಯ ಕೋಚ್ ಬೇರೆ ಊರಿಗೆ ಹೋದರು, ಪ್ರಿನ್ಸಿಪಾಲ್ ಕರೆದು ಕೇಳಿದರು, ಎರಡು ದಿನ ಯೋಚನೆ ಮಾಡಿ ಹೂಂ ಅಂದೆ. ಹದಿನಾರು ಮಕ್ಕಳಿದ್ದಾರೆ. ಆಗಸ್ಟ್ ಕೊನೆಗೆ ಮೊದಲ ಫುಟ್‌ಬಾಲ್ ಆಟ, ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್.

ಹಾಸನದಲ್ಲಿರುವ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಅದೇನೇ, ಐಪಿಎಲ್‌ನಲ್ಲಿ ಫೋರ್ ಹೊಡೆದಾಗ ಕುಣೀತಾರಲ್ಲ, ಅದಾ?" ಅಂತ ಕೇಳಿದಳು. ಅಮ್ಮ ಹಾಗೆ ಕೇಳಿದ್ದು ಸಹಜವೇ. ನಮ್ಮಲ್ಲಿ ಎಷ್ಟೋ ಜನ ಚಿಯರ್‌ಲೀಡರ್‌ಗಳನ್ನು ಮೊದಲು ನೋಡಿದ್ದು 2008ರಲ್ಲಿ, ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಆರ್‌ಸಿಬಿಯ ಮೊದಲ ಪಂದ್ಯಕ್ಕೆ ವಾಷಿಂಗ್ಟನ್‌ನ ಫುಟ್‌ಬಾಲ್ ತಂಡದ ಹುಡುಗಿಯರು ಬಂದಾಗ. ಅಲ್ಲಿ ಇದ್ದದ್ದು ಹೆಚ್ಚಾಗಿ ಡ್ಯಾನ್ಸ್. ಇಲ್ಲಿ ಹೈಸ್ಕೂಲ್ ಮಕ್ಕಳು ಮಾಡೋದು ಬೇರೆ. ತಾವು ಕೂಗಿ ಜನರನ್ನೂ ಕೂಗಿಸಬೇಕು, ಲಾಗ ಹಾಕಬೇಕು, ಮೂವರು ಸೇರಿ ಒಬ್ಬಳನ್ನು ತಲೆಗಿಂತ ಮೇಲಕ್ಕೆ ಎತ್ತಿ ನಿಲ್ಲಿಸಬೇಕು. ಇದೆಲ್ಲ ಶುರುವಾಗಿದ್ದು 1898ರಲ್ಲಿ, ಮಿನ್ನೆಸೋಟ ವಿಶ್ವವಿದ್ಯಾಲಯದ ಒಂದು ಆಟದಲ್ಲಿ ಜಾನಿ ಕ್ಯಾಂಪ್‌ಬೆಲ್ ಅನ್ನೋ ವಿದ್ಯಾರ್ಥಿ ಜನರ ಮುಂದೆ ನಿಂತು ಘೋಷಣೆ ಕೂಗಿಸಿದಾಗ. ಮೊದಮೊದಲು ಬರೀ ಹುಡುಗರೇ ಇದ್ದರು, ಹುಡುಗಿಯರು ಸೇರಿಕೊಂಡಿದ್ದು 1920ರ ದಶಕದಲ್ಲಿ.

ಅಮ್ಮ ಎಲ್ಲ ಕೇಳಿಸಿಕೊಂಡಳು. ಕೊನೆಗೆ ಒಂದೇ ಮಾತು ಅಂದಳು: "ಬಿದ್ರೆ?"

ನನ್ನ ಜೂನ್, ಜುಲೈ ಎರಡೂ ಆ ಪ್ರಶ್ನೆಯಲ್ಲೇ ಕಳೆದವು. ನಾನು ಕೂತು ಓದಿದ ಮೊದಲ ವಿಷಯವೂ ಅದೇ. 2012ರಲ್ಲಿ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಅಂದರೆ ಮಕ್ಕಳ ವೈದ್ಯರ ಸಂಘ, ಚಿಯರ್‌ಲೀಡಿಂಗ್ ಬಗ್ಗೆ ಒಂದು ಹೇಳಿಕೆ ಹೊರಡಿಸಿತು. ಒಟ್ಟಾರೆ ಗಾಯಗಳನ್ನು ಲೆಕ್ಕ ಹಾಕಿದರೆ ಚಿಯರ್ ಬೇರೆ ಎಷ್ಟೋ ಆಟಗಳಿಗಿಂತ ಸುರಕ್ಷಿತವೇ. ಆದರೆ 1982ರಿಂದ 2009ರವರೆಗೆ ಹೈಸ್ಕೂಲ್ ಹುಡುಗಿಯರಿಗೆ ಆಟದಲ್ಲೇ ಆದ ತೀರಾ ಗಂಭೀರ ಗಾಯಗಳಲ್ಲಿ, ಅಂದರೆ ತಲೆ, ಕುತ್ತಿಗೆ, ಬೆನ್ನುಹುರಿಯಂಥ ಪೆಟ್ಟುಗಳಲ್ಲಿ, 65% ಚಿಯರ್‌ನಿಂದ ಆದವು. ಅದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಸ್ಟಂಟ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ನಾಲ್ವರ ಗುಂಪು. ಎದುರುಬದುರು ನಿಂತು ಪಾದ ಹಿಡಿಯುವ ಇಬ್ಬರು ಬೇಸ್. ಮೇಲೆ ಹೋಗುವವಳು ಫ್ಲೈಯರ್. ಹಿಂದೆ ನಿಂತು ಫ್ಲೈಯರ್‌ನ ಪಾದದ ಕೀಲು ಹಿಡಿದುಕೊಳ್ಳುವವಳು ಬ್ಯಾಕ್ ಸ್ಪಾಟ್. ಜನ ನೋಡೋದು ಫ್ಲೈಯರ್‌ನ ನಗು, ಅವಳ ಕೈ. ನಾನು ನೋಡೋದು ಬ್ಯಾಕ್ ಸ್ಪಾಟ್‌ನ ಕಣ್ಣು. ಅವಳು ಒಂದು ಕ್ಷಣ ಕೂಡ ಫ್ಲೈಯರ್‌ನಿಂದ ಕಣ್ಣು ತೆಗೆಯುವಂತಿಲ್ಲ, ಏನಾದರೂ ಹೆಚ್ಚುಕಡಿಮೆ ಆದರೆ ತಲೆ ಮತ್ತು ಭುಜ ನೆಲಕ್ಕೆ ತಾಗದಂತೆ ಹಿಡಿಯಬೇಕಾದವಳು ಅವಳೇ. ಟ್ರೈಔಟ್‌ಗೆ, ಅಂದರೆ ತಂಡದ ಆಯ್ಕೆಗೆ, ಬಂದವರಲ್ಲಿ ಒಬ್ಬಳೂ ಬ್ಯಾಕ್ ಸ್ಪಾಟ್ ಆಗ್ತೀನಿ ಅಂತ ಕೇಳಿರಲಿಲ್ಲ. ನನಗೆ ಬೇಜಾರಾಗಿದ್ದು ಅದಕ್ಕೇ.

ಜೂನ್ ಎರಡನೇ ವಾರ ಒಬ್ಬ ಫ್ಲೈಯರ್ ಭುಜದ ಎತ್ತರದಿಂದ ಜಾರಿದಳು. ಮ್ಯಾಟ್ ಇತ್ತು, ಬೇಸ್‌ಗಳು ಸೊಂಟ ಹಿಡಿದರು, ಏನೂ ಆಗಲಿಲ್ಲ. ಆದರೆ ಹಿಂದೆ ನಿಂತಿದ್ದ ಹುಡುಗಿ ಆ ಹೊತ್ತಿಗೆ ಬಾಗಿಲ ಕಡೆ ನೋಡುತ್ತಿದ್ದಳು. ನಾನು ಬೈಯಲಿಲ್ಲ. ಅವಳಿಗೆ ಆ ಕೆಲಸ ಎಷ್ಟು ದೊಡ್ಡದು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡಬೇಕಾದವಳು ನಾನು. ಆ ದಿನದಿಂದ ಮೂರು ವಾರ ಭುಜಕ್ಕಿಂತ ಮೇಲಿನ ಸ್ಟಂಟ್ ಪೂರ್ತಿ ನಿಲ್ಲಿಸಿದೆ. ಮೊದಲು ತೊಡೆ ಎತ್ತರ. ಅದೇ ಸ್ಟಂಟ್ ಸತತ ಹತ್ತು ಸಲ ಅಲುಗಾಡದೆ ಬಂದರೆ ಭುಜದ ಎತ್ತರ. ಪ್ರತಿ ಪ್ರಾಕ್ಟೀಸ್‌ನಲ್ಲೂ ಹದಿನೈದು ನಿಮಿಷ ಬರೀ ಬೀಳೋದು ಮತ್ತು ಹಿಡಿಯೋದು. ಪಕ್ಕದ ಸ್ಕೂಲಿನವರು ಆಗಲೇ ಒಂಟಿ ಕಾಲಿನ ಸ್ಟಂಟ್ ಮಾಡ್ತಿದ್ದಾರೆ ಕೋಚ್ ಅಂತ ಮಕ್ಕಳು ವಿಡಿಯೋ ತೋರಿಸಿದರು, ಒಬ್ಬರು ತಂದೆಯೂ ಬಂದು ಅದನ್ನೇ ಕೇಳಿದರು. ನಾನು ಒಪ್ಪಲಿಲ್ಲ. ಈಗಲೂ ಅದು ಸರಿ ಅಂತಲೇ ನನ್ನ ನಂಬಿಕೆ.

ರೂಲ್ಸ್ ಕೂಡ ಇದನ್ನೇ ಹೇಳುತ್ತವೆ. ಹೈಸ್ಕೂಲ್ ಕ್ರೀಡೆಗಳ ರಾಷ್ಟ್ರೀಯ ಒಕ್ಕೂಟ, ಎನ್‌ಎಫ್‌ಎಚ್‌ಎಸ್, ಇದಕ್ಕೇ ಒಂದು ರೂಲ್ ಬುಕ್ ತರುತ್ತದೆ. ಕೈ ಪೂರ್ತಿ ಚಾಚಿ ಎತ್ತುವ ಸ್ಟಂಟ್‌ಗೆ ಸ್ಪಾಟರ್, ಅಂದರೆ ಬಿದ್ದರೆ ಹಿಡಿಯಲು ನಿಂತವರು, ಇರಲೇಬೇಕು. ಪಿರಮಿಡ್ ಎರಡಾಳಿಗಿಂತ ಎತ್ತರ ಹೋಗುವಂತಿಲ್ಲ. ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಗಟ್ಟಿ ನೆಲದ ಮೇಲೆ ಬ್ಯಾಸ್ಕೆಟ್ ಟಾಸ್, ಅಂದರೆ ಫ್ಲೈಯರ್‌ಳನ್ನು ಗಾಳಿಗೆ ಎಸೆದು ಹಿಡಿಯೋದು, ಮಾಡುವಂತಿಲ್ಲ. ತಲೆಗೆ ಪೆಟ್ಟು ಬಿದ್ದ ಅನುಮಾನ ಬಂದರೂ ಸಾಕು, ಆ ದಿನ ಮತ್ತೆ ಇಳಿಸಬಾರದು, ಡಾಕ್ಟರ್ ಬರೆದುಕೊಡೋವರೆಗೂ ಕಾಯಬೇಕು. ಹೃದಯ ನಿಂತರೆ ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ತರಬೇತಿ ಮುಗಿಸಿದೆ. ಆಮೇಲೆ ಒಂದು ದಿನ ಸುಮ್ನೆ ನಾಟಕದ ಥರ ಅಭ್ಯಾಸ ಮಾಡಿದೆವು: ಒಬ್ಬಳು ಬಿದ್ದಿದ್ದಾಳೆ, ತುರ್ತು ಸಹಾಯದ ನಂಬರ್ 911ಗೆ ಯಾರು ಫೋನ್ ಮಾಡ್ತೀರಿ, ಗೇಟ್ ಹತ್ತಿರ ಯಾರು ಓಡ್ತೀರಿ, ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಎಲ್ಲಿದೆ. ಯಂತ್ರ ಎಲ್ಲಿದೆ ಅಂತ ಹದಿನಾರು ಜನರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಈಗ ಎಲ್ಲರಿಗೂ ಗೊತ್ತು.

ಯೂನಿಫಾರ್ಮ್ ಅಳತೆ, ಪೋಷಕರ ಮೀಟಿಂಗ್, ದುಡ್ಡು ಕೂಡಿಸಲು ಕಾರ್ ತೊಳೆಯೋದು, ಇವೆಲ್ಲ ಹೇಗೋ ಆದವು. ಅಮ್ಮಂದಿರ ಒಂದು ಗುಂಪು ಪೂರ್ತಿ ಜವಾಬ್ದಾರಿ ತಗೊಂಡರು, ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ.

ಫುಟ್‌ಬಾಲ್ ಮಾತ್ರ ನಾನು ಹೊಸದಾಗಿ ಕಲಿಯಬೇಕಾಯಿತು. ನಾಲ್ಕು ಪ್ರಯತ್ನದಲ್ಲಿ ಹತ್ತು ಯಾರ್ಡ್ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಸಿಗುತ್ತದೆ. ಚೆಂಡು ನಮ್ಮ ಹತ್ತಿರ ಇರುವಾಗ "ಡಿಫೆನ್ಸ್" ಅಂತ ಕೂಗಿದರೆ ಇಡೀ ಸ್ಟ್ಯಾಂಡ್ ತಿರುಗಿ ನೋಡುತ್ತೆ, ಹಾಗಾಗಿ ಯಾವ ಕೂಗು ಯಾವಾಗ ಅಂತ ಕಾರ್ಡ್ ಬರೆದು ಮಕ್ಕಳ ಜೊತೆ ಕೂತು ನಾನೂ ಬಾಯಿಪಾಠ ಮಾಡಿದೆ. ಆಟಗಾರ ಪೆಟ್ಟಾಗಿ ಬಿದ್ದರೆ ಕೂಗು ನಿಲ್ಲಿಸಿ ಒಂದು ಮಂಡಿಯೂರಿ ಕೂರಬೇಕು. ಎದುರಾಳಿ ತಂಡದವನಾದರೂ ಅಷ್ಟೇ. ಈ ಪದ್ಧತಿ ನನಗೆ ತುಂಬಾ ಇಷ್ಟವಾಯಿತು.

ಎಣಿಕೆ ಮಾತ್ರ ನನಗೆ ಮೊದಲೇ ಗೊತ್ತಿತ್ತು. ಚಿಯರ್‌ನಲ್ಲಿ ಎಲ್ಲವೂ ಎಂಟರ ಲೆಕ್ಕ, ಹುಡುಗಿಯಾಗಿದ್ದಾಗ ಹತ್ತು ವರ್ಷ ಭರತನಾಟ್ಯ ಕಲಿತವಳು ನಾನು, ಆದಿತಾಳಕ್ಕೂ ಎಂಟೇ ಅಕ್ಷರ ಅಲ್ವಾ. ಸಂಗೀತ ಇಲ್ಲದೆ ಬರೀ ಚಪ್ಪಾಳೆಗೆ ಸ್ಟಂಟ್ ಮಾಡಿಸಿದೆ. ಎಣಿಕೆಯನ್ನು ಜೋರಾಗಿ ಹೇಳುವ ಕೆಲಸ ಬ್ಯಾಕ್ ಸ್ಪಾಟ್‌ಗಳದ್ದು ಅಂತ ಮಾಡಿದೆ. ಅವತ್ತು ಬಾಗಿಲ ಕಡೆ ನೋಡುತ್ತಿದ್ದ ಹುಡುಗಿಯ ದನಿ ಮೊದಲ ವಾರ ಕೇಳುತ್ತಲೇ ಇರಲಿಲ್ಲ. ಜುಲೈ ಕೊನೆಗೆ ಜಿಮ್‌ನ ಆ ತುದಿಗೂ ಕೇಳುತ್ತಿತ್ತು.

ಹೋದ ಶನಿವಾರ ಹುಲ್ಲಿನ ಮೈದಾನದಲ್ಲಿ ಮೊದಲ ಸಲ ಕೈ ಪೂರ್ತಿ ಚಾಚಿ ಎತ್ತಿದೆವು. ನಾಲ್ಕು ಗುಂಪೂ ಒಟ್ಟಿಗೆ ಮೇಲೆ ಹೋದವು, ಒಟ್ಟಿಗೆ ಇಳಿದವು. ವಿಡಿಯೋ ಅಮ್ಮನಿಗೆ ಕಳಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಅಮ್ಮನ ವಾಯ್ಸ್ ಮೆಸೇಜ್ ಬಂದಿತ್ತು.

"ಚೆನ್ನಾಗಿದೆ ಕಣೇ. ಆ ಹಿಂದೆ ನಿಂತ್ಕೊಂಡು ಎಣಿಸ್ತಾ ಇದ್ದಾಳಲ್ಲ, ಆ ಹುಡುಗಿ ಯಾರು?"