ಲಿಫ್ಟಿನ ಧ್ವನಿಗೆ ವಿದಾಯ ಹೇಳಬೇಕಿತ್ತೇ?

ಕೇಳುಗರು ಬರೆದು ಕಳಿಸುವ ವಿಚಿತ್ರ ಪ್ರಶ್ನೆಗಳಿಗೆ ಇಬ್ಬರು ಗೆಳೆಯರು ನಗುನಗುತ್ತ ಉತ್ತರಿಸುವ ಪಾಡ್‌ಕಾಸ್ಟೊಂದನ್ನು ನಾನು ಕೇಳುತ್ತೇನೆ. ಅದರ ಈ ವಾರದ ಸಂಚಿಕೆಯಲ್ಲಿ ಓದಲಾದ ಒಂದು ಪ್ರಶ್ನೆ ನನ್ನನ್ನು ಬಿಡುತ್ತಲೇ ಇಲ್ಲ. ತಾವು ಕೆಲಸ ಮಾಡುವ ಕಟ್ಟಡದ ಲಿಫ್ಟಿನಲ್ಲಿ ಮಹಡಿಯ ಸಂಖ್ಯೆ ಹೇಳುವ ಹೆಣ್ಣುಧ್ವನಿಗೆ, ಇಳಿಯುವಾಗಲೆಲ್ಲ ಮೆಲ್ಲಗೆ ‘ಥ್ಯಾಂಕ್ಸ್’ ಹೇಳುವುದು ತಮ್ಮ ರೂಢಿ ಎಂದು ಕೇಳುಗರೊಬ್ಬರು ಬರೆದಿದ್ದರು. ರಿಪೇರಿಯಾದ ಮೇಲೆ ಲಿಫ್ಟಿನ ಧ್ವನಿ ಬದಲಾಗಿದೆ. ಹಳೆಯ ಧ್ವನಿಗೆ ವಿದಾಯ ಹೇಳುವ ಅವಕಾಶವೇ ಸಿಗಲಿಲ್ಲ. ತಮ್ಮ ಕಡೆಯಿಂದ ಇದು ಅಸಭ್ಯತೆಯಾಯಿತೇ ಎಂಬುದು ಅವರ ಪ್ರಶ್ನೆ.

ಕಾರ್ಯಕ್ರಮ ನಡೆಸುವ ಇಬ್ಬರು ಗೆಳೆಯರಲ್ಲಿ ಒಬ್ಬರು ಮಾತಿನ ಮಲ್ಲರು. ಪ್ರಶ್ನೆ ಓದಿ ಮುಗಿಯುವ ಮುನ್ನವೇ ಅವರು ಬೀಳ್ಕೊಡುಗೆ ಸಮಾರಂಭವನ್ನು ಯಾವ ಮಹಡಿಯಲ್ಲಿ ಇಡಬೇಕು, ಬಾಗಿಲು ತೆರೆಯುವುದರೊಳಗೆ ಭಾಷಣ ಮುಗಿಸುವುದು ಹೇಗೆ ಎಂದು ಆರಂಭಿಸಿಬಿಟ್ಟರು. ಆ ವಾರದ ಅತಿಥಿ ನಡುವೆ ಬಾಯಿ ಹಾಕಿ, ‘ಇವರಿಗೆ ಮಾಡೋಕೆ ಬೇರೆ ಕೆಲಸ ಇಲ್ವಾ?’ ಎಂದರು. ಆಗ, ಅಲ್ಲಿಯವರೆಗೆ ಸುಮ್ಮನಿದ್ದ ಇನ್ನೊಬ್ಬ ಗೆಳೆಯರು ಕೇಳಿದರು: ‘ಒಂದ್ನಿಮಿಷ. ಹೊಸ ಧ್ವನಿಗೂ ಥ್ಯಾಂಕ್ಸ್ ಹೇಳ್ತಿದ್ದಾರಾ?’

ಮಾತಿನ ಮಲ್ಲರು ತಡೆದರು. ಆಮೇಲೆ, ‘ಇಲ್ಲ ಕಣೋ, ಹೇಳಿದ್ರೆ ಹಳೇದಕ್ಕೆ ಬೇಜಾರಾಗುತ್ತೆ ಅಂತ ಸುಮ್ನಿದ್ದಾರೆ’ ಎಂದರು. ಇಬ್ಬರೂ ಮಾತು ಹೊರಡದಷ್ಟು ನಕ್ಕರು.

ಈ ಎರಡು ಸಾಲುಗಳನ್ನು ನಾನು ಮತ್ತೆ ಮತ್ತೆ ಹಿಂದಕ್ಕೆ ಸರಿಸಿ ಕೇಳಿದ್ದೇನೆ. ಮೊದಲು ಹಿಡಿದು ನಿಲ್ಲಿಸಿದ್ದು ಆ ತಡೆ. ಸ್ಟಿವರ್ಸ್ ಮತ್ತು ಸಂಗಡಿಗರು ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಆರಂಭವಾಗುವ ನಡುವಿನ ಬಿಡುವು ಸರಾಸರಿ ಸುಮಾರು 200 ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ ಮಾತ್ರ. ಆದ್ದರಿಂದಲೇ ಸದಾ ತುದಿನಾಲಿಗೆಯಲ್ಲಿ ಮಾತಿಟ್ಟುಕೊಂಡವರು ಒಂದು ಕ್ಷಣ ತಡವರಿಸಿದರೂ ನಮ್ಮ ಕಿವಿಗೆ ಅದು ದೊಡ್ಡದಾಗಿ ಕೇಳಿಸುತ್ತದೆ. ಎಡಿಟಿಂಗ್ ಮಾಡುವವರು ಸಾಮಾನ್ಯವಾಗಿ ಇಂಥ ಬಿಡುವುಗಳನ್ನು ಕತ್ತರಿಸಿ ಸಂಚಿಕೆಯನ್ನು ಬಿಗಿಗೊಳಿಸುತ್ತಾರೆ. ಇಲ್ಲಿ ಅದನ್ನು ಹಾಗೆಯೇ ಉಳಿಸಿದ್ದಾರೆ. ಆ ಕೈ ಯಾರದೋ ತಿಳಿಯದು, ಅವರ ಮೇಲೆ ನನಗೆ ಅಪಾರ ಗೌರವ ಹುಟ್ಟಿದೆ. ಹಾಸ್ಯ ಮಾಡುತ್ತಿದ್ದವರೊಬ್ಬರು ಪ್ರಶ್ನೆಯ ಹಿಂದೆ ಒಬ್ಬ ಮನುಷ್ಯ ಇದ್ದಾನೆಂದು ಕಂಡುಕೊಂಡ ಗಳಿಗೆ ಅದು, ಮತ್ತು ಕಂಡ ಮೇಲೂ ಅವರು ಹಾಸ್ಯವನ್ನು ಕೈಬಿಡಲಿಲ್ಲ. ಮರುಕ ತೋರಿಸಿ ನಗುವನ್ನು ನಿಲ್ಲಿಸಿದ್ದರೆ, ಪಾಪ, ಕೇಳಿದವರಿಗೆ ಅದಕ್ಕಿಂತ ದೊಡ್ಡ ಮುಜುಗರ ಇರುತ್ತಿರಲಿಲ್ಲ.

ಅತಿಥಿಯ ಮಾತು ಮಾತ್ರ ನನಗೆ ಇನ್ನೂ ಚುಚ್ಚುತ್ತಿದೆ. ಅವರು ಚುರುಕು ಬುದ್ಧಿಯವರು, ಬೇರೆ ವೇದಿಕೆಗಳಲ್ಲಿ ನನ್ನನ್ನು ಚೆನ್ನಾಗಿ ನಗಿಸಿದವರು. ಆದರೆ ಪ್ರಶ್ನೆಯನ್ನು ಹಿಡಿದು ನಗುವುದಕ್ಕೂ ಪ್ರಶ್ನೆ ಕೇಳಿದವರನ್ನು ಹಿಡಿದು ನಗುವುದಕ್ಕೂ ಇರುವ ಅಂತರ ಅವರಿಗೆ ಗೊತ್ತಾಗಲಿಲ್ಲ. ವಿಚಿತ್ರ ಪ್ರಶ್ನೆ ಕೇಳುವವರು ಹೊತ್ತು ಹೋಗದೆ ಕೇಳುವವರಲ್ಲ. ಇಂಥ ಪ್ರಶ್ನೆಯನ್ನು ಸಹೋದ್ಯೋಗಿಯ ಮುಂದೆ ಇಡಲಾಗದು, ಮನೆಯವರ ಮುಂದೆ ಇಟ್ಟರೆ ‘ನಿನಗೇನಾಗಿದೆ?’ ಎಂಬ ಮರುಪ್ರಶ್ನೆ ಬರುತ್ತದೆ. ಒಳಗೇ ಇಟ್ಟುಕೊಂಡು ತಿರುಗಿದ ಮೇಲೆ ಕೊನೆಗೊಂದು ದಿನ ಅದು ಅಪರಿಚಿತರಿಬ್ಬರಿಗೆ ಬರೆದ ಇಮೇಲ್ ಆಗುತ್ತದೆ.

ಅಪರಿಚಿತರು ಎಂದೆ, ಆದರೆ ಬರೆದವರಿಗೆ ಅವರು ಹಾಗಿರಲಾರರು. ಧ್ವನಿಯಾಗಿ, ಚಿತ್ರವಾಗಿ ಮಾತ್ರ ಪರಿಚಯವಿರುವವರ ಜೊತೆ ನಮಗೆ ಬೆಳೆಯುವ ಏಕಮುಖ ಸಲಿಗೆಯನ್ನು ಸಂಶೋಧಕರಾದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ, ರೇಡಿಯೋ ಮತ್ತು ಟಿವಿಯನ್ನು ಮುಂದಿಟ್ಟುಕೊಂಡು ವಿವರಿಸಿದ್ದರು. ಅವರ ವಿವರಣೆ ಇಂದಿಗೂ ಹೊಂದುತ್ತದೆ. ಆದರೂ ಅದನ್ನು ಹಿಡಿದುಕೊಂಡು ಪಾಡ್‌ಕಾಸ್ಟ್ ಕೇಳುಗರನ್ನು ಸುಳ್ಳು ಸ್ನೇಹದಲ್ಲಿ ಮುಳುಗಿದವರೆಂದು ತಳ್ಳಿಹಾಕುವವರನ್ನು ನಾನು ಒಪ್ಪಲಾರೆ. ಕಾಗದ ಹೋಗಿದೆ, ಓದಿದ್ದಾರೆ, ಅದರ ಬಗ್ಗೆ ಯೋಚಿಸಿ ಉತ್ತರಿಸಿದ್ದಾರೆ. ಅಷ್ಟು ಹೊತ್ತಿನ ಮಟ್ಟಿಗಾದರೂ ಆ ಸಂಬಂಧ ಏಕಮುಖವಾಗಿರಲಿಲ್ಲ.

ಇಬ್ಬರ ಬದಲು ಒಬ್ಬರೇ ಉತ್ತರಿಸಿದ್ದರೆ ಈ ಪ್ರಶ್ನೆ ಎರಡು ನಿಮಿಷದ ಹಾಸ್ಯವಾಗಿ ಮುಗಿಯುತ್ತಿತ್ತು ಎಂಬುದು ನನ್ನ ಬಲವಾದ ನಂಬಿಕೆ. ಒಬ್ಬರು ಹಾರಿಬಿಟ್ಟದ್ದನ್ನು ಇನ್ನೊಬ್ಬರು ನೆಲಕ್ಕೆ ಇಳಿಸಬೇಕು, ಇಳಿಸಿದ್ದನ್ನು ಮೊದಲಿನವರು ಬೇಸರವಿಲ್ಲದೆ ಎತ್ತಿಕೊಳ್ಳಬೇಕು. ಇದು ಹಳೆಯ ಗೆಳೆಯರಿಗೆ ಮಾತ್ರ ಕೂಡಿಬರುವ ಆಟ. ಗ್ರೆಗರಿ ಬ್ರಯಂಟ್ ಮತ್ತು ಸಂಗಡಿಗರು 24 ಸಮಾಜಗಳ ಜನರಿಗೆ ಇಬ್ಬರು ಒಟ್ಟಿಗೆ ನಗುವ ಸುಮಾರು ಒಂದು ಸೆಕೆಂಡಿನ ತುಣುಕುಗಳನ್ನು ಕೇಳಿಸಿ, ನಕ್ಕವರು ಗೆಳೆಯರೋ ಅಪರಿಚಿತರೋ ಎಂದು ಕೇಳಿದ್ದರು. 2016ರಲ್ಲಿ ಬಂದ ಅವರ ವರದಿಯಂತೆ ಸರಿಯುತ್ತರ ಸುಮಾರು 61 ಶೇಕಡಾ. ಮಾತೇ ಇಲ್ಲದ ಒಂದು ಸೆಕೆಂಡಿನಿಂದ ಅಷ್ಟು ಹೊರಡಿಸಬಲ್ಲ ಕಿವಿ, ವಾರವಾರವೂ ಒಂದು ಗಂಟೆ ಕೇಳಿದ ಮೇಲೆ ಮೋಸಹೋಗುವುದು ಕಷ್ಟ. ಹೆಸರಾಂತ ಹಾಸ್ಯಗಾರರನ್ನು ಜೋಡಿ ಮಾಡಿ ಕೂರಿಸಿದ ಎಷ್ಟೋ ಕಾರ್ಯಕ್ರಮಗಳು ಒಳ್ಳೆಯ ಜೋಕುಗಳಿದ್ದೂ ಸಪ್ಪೆಯೆನಿಸುವುದು ಇದಕ್ಕೇ ಎಂದು ನನಗನಿಸುತ್ತದೆ. ಅಮೆರಿಕದ ರೇಡಿಯೋದಲ್ಲಿ ಟಾಮ್ ಮತ್ತು ರೇ ಮಗ್ಲಿಯೋಜಿ ಎಂಬ ಅಣ್ಣತಮ್ಮಂದಿರು ಕಾರು ರಿಪೇರಿಯ ಪ್ರಶ್ನೆಗಳಿಗೆ ಉತ್ತರಿಸುತ್ತ ವರ್ಷಗಟ್ಟಲೆ ನಗುತ್ತಿದ್ದರು. 2012ರಲ್ಲಿ ಅವರು ಹೊಸ ಸಂಚಿಕೆ ನಿಲ್ಲಿಸಿದ ಮೇಲೂ ಹಳೆಯವು ಮರುಪ್ರಸಾರವಾಗುತ್ತಲೇ ಇದ್ದವು. ಕಾರಿನ ಸಲಹೆಗೆಂದು ಮಾತ್ರ ಯಾರೂ ಅವನ್ನು ಮತ್ತೆ ಕೇಳಿರಲಾರರು.

ನಗು ಇಳಿದ ಮೇಲೆ ಆ ಸುಮ್ಮನಿರುವ ಗೆಳೆಯರು ಇನ್ನೊಂದು ಮಾತು ಹೇಳಿದರು. ಲಿಫ್ಟಿನ ಧ್ವನಿ ಯಂತ್ರ ಹುಟ್ಟಿಸಿದ್ದಲ್ಲದಿದ್ದರೆ, ಯಾರೋ ಒಬ್ಬ ಹೆಂಗಸು ಯಾವುದೋ ಸ್ಟುಡಿಯೋದಲ್ಲಿ ಕುಳಿತು ಒಂದರಿಂದ ಮೊದಲ್ಗೊಂಡು ಅಂಕಿಗಳನ್ನು ಓದಿರುತ್ತಾರೆ. ಥ್ಯಾಂಕ್ಸ್ ಸಲ್ಲಬೇಕಾದದ್ದು ಅವರಿಗೆ, ಅದನ್ನು ಈಗಲೂ ಹೇಳಬಹುದು ಎಂದು ಹೇಳಿ, ಕೇಳುಗರ ಪರವಾಗಿ ತಾವೇ ಹೇಳಿಬಿಟ್ಟರು. ಆಗ ಅತಿಥಿ, ‘ಪಾಪ, ಬಾಗಿಲು ಮುಚ್ಚುತ್ತಿದೆ ಅನ್ನೋದನ್ನ ಎಷ್ಟು ಸಲ ಓದಿಸಿದ್ರೋ!’ ಎಂದರು. ಇಡೀ ಸಂಚಿಕೆಯಲ್ಲಿ ಅವರಾಡಿದ ಅತ್ಯುತ್ತಮ ಮಾತು ಅದು, ಮತ್ತು ಆ ಇಬ್ಬರ ನಡುವೆ ಕುಳಿತದ್ದರಿಂದಲೇ ಅದು ಅವರಿಗೆ ಹೊಳೆಯಿತು ಎಂದು ನಾನು ತಿಳಿದಿದ್ದೇನೆ. ಅವರನ್ನು ಇನ್ನೊಮ್ಮೆ ಕರೆಸಿದರೆ ಖಂಡಿತ ಕೇಳುತ್ತೇನೆ.