ಗಂಟೆ ಲೆಕ್ಕದ ನೋಟ್‌ಬುಕ್

ನನ್ನ ಹತ್ರ ಒಂದು ನೋಟ್‌ಬುಕ್ ಇದೆ, ಹೋದ ವರ್ಷ ಪೂರ್ತಿ ಅದ್ರಲ್ಲಿ ಬರೀ ನಂಬರ್‌ಗಳೇ. ಸೋಮವಾರ 1:30, ಮಂಗಳವಾರ 2:00, ಬುಧವಾರ 0:40, ಆ ಬುಧವಾರದ ಪಕ್ಕದಲ್ಲಿ ಕೆಂಪು ಪೆನ್ನಲ್ಲಿ ಒಂದು ಗೆರೆ, ಅಂದ್ರೆ ಆವತ್ತು ಕಮ್ಮಿ ಆಗಿದೆ, ಗುರುವಾರ ತುಂಬ್ಕೋಬೇಕು ಅಂತ. ವಯೊಲಿನ್ ಎಷ್ಟು ಹೊತ್ತು ನುಡಿಸ್ದೆ ಅನ್ನೋ ಲೆಕ್ಕ ಅದು. ನಂಗೀಗ 16 ವರ್ಷ, ವಯೊಲಿನ್ ಹಿಡಿದು ಒಂಬತ್ತು ವರ್ಷ ಆಯ್ತು. ಆ ನೋಟ್‌ಬುಕ್ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅನ್ಕೊಂಡಿದ್ದೆ, ಟೈಮೇ ಸಿಕ್ಕಿರ್ಲಿಲ್ಲ.

ಟೈಮ್ ಯಾಕೆ ಸಿಗಲ್ಲ ಅಂದ್ರೆ, ಬೆಳಿಗ್ಗೆ ಎದ್ದು ಅರ್ಧ ಗಂಟೆ ಸ್ವರಾಭ್ಯಾಸ, ಆಮೇಲೆ ಸ್ಕೂಲು, ಅಲ್ಲಿಂದ ಬಂದು ಬ್ಯಾಗ್ ಇಟ್ಟು ಮುಖ ತೊಳ್ಕೊಂಡ್ರೆ ಹೋಮ್‌ವರ್ಕ್, ವಾರಕ್ಕೆ ಎರಡು ದಿನ ಮ್ಯಾಥ್ಸ್ ಟ್ಯೂಷನ್, ಶನಿವಾರ ವಯೊಲಿನ್ ಕ್ಲಾಸು, ಭಾನುವಾರ ಸ್ಕೂಲ್ ಆರ್ಕೆಸ್ಟ್ರಾ ರಿಹರ್ಸಲ್, ಮತ್ತೆ ಇದರ ಮಧ್ಯೆ ಯಾವ್ದಾದ್ರೂ ಪ್ರಾಜೆಕ್ಟ್ ಕೊಟ್ರೆ ಅದು ನಿದ್ದೆ ಟೈಮಲ್ಲೇ ಆಗ್ಬೇಕು, ಬೇರೆ ಜಾಗ ಇಲ್ಲ. ಫ್ರೆಂಡ್ಸ್ ಎಲ್ಲಾದ್ರೂ ಹೊರಟ್ರೆ ನನ್ನನ್ನ ಕರೆಯೋದನ್ನೇ ನಿಲ್ಸಿದ್ರು. ಅವರಿಗೆ ಕೋಪ ಏನಿಲ್ಲ, ನಾನು ಬರಲ್ಲ ಅಂತ ಗೊತ್ತು ಅಷ್ಟೇ. ಅದು ಗೊತ್ತಾದ ದಿನ ನಂಗೆ ಬೇಜಾರಾಗಿತ್ತು, ಯಾರ ಹತ್ರಾನೂ ಹೇಳ್ಕೊಂಡಿರ್ಲಿಲ್ಲ.

ಮನೇಲಿ ಯಾರೂ ಸಂಗೀತಕ್ಕೆ ವಿರೋಧ ಇಲ್ಲ, ಇದನ್ನ ಮೊದಲೇ ಹೇಳ್ಬೇಕು, ಯಾಕಂದ್ರೆ ಇಂಥ ವಿಷಯ ಬಂದ ತಕ್ಷಣ ಎಲ್ರೂ ಅಪ್ಪ ಅಮ್ಮನ್ನ ವಿಲನ್ ಮಾಡ್ಬಿಡ್ತಾರೆ. ನನ್ನನ್ನ ಮೊದಲ ಕ್ಲಾಸಿಗೆ ಕೈ ಹಿಡ್ಕೊಂಡು ಕರ್ಕೊಂಡ್ ಹೋಗಿದ್ದೇ ಅಪ್ಪ. ಅವರ ಭಯ ಬೇರೆ. ಓದು ಕೈ ಬಿಟ್ರೆ ಮುಂದೆ ಯಾವ್ದೋ ಒಂದು ಬಾಗಿಲು ಮುಚ್ಚಿಹೋಗುತ್ತೆ, ಆಗ ಸಂಗೀತಾನೂ ಸಂತೋಷಕ್ಕೆ ಉಳಿಯಲ್ಲ, ಹೊಟ್ಟೆಪಾಡಿನ ಚಿಂತೆ ಆಗುತ್ತೆ ಅಂತ. ಅದಕ್ಕೆ ದಿನಾ ರಾತ್ರಿ ಒಂದೇ ಪ್ರಶ್ನೆ, "ಪುಟ್ಟಾ, ಇವತ್ತು ಎಷ್ಟು ಹೊತ್ತು ಓದ್ದೆ?" ಅಮ್ಮ ಏನೂ ಕೇಳಲ್ಲ. ಆದ್ರೆ ಒಂಬತ್ತು ವರ್ಷದಿಂದ ಪ್ರತಿ ಶನಿವಾರ ಕ್ಲಾಸ್ ಮುಗಿಯೋ ತನಕ ಹೊರಗೆ ಬೆಂಚ್ ಮೇಲೆ ಕೂತಿರ್ತಾರೆ, ಮಳೆ ಇರ್ಲಿ ಬಿಸಿಲಿರ್ಲಿ. ಅಪ್ಪನ ಪ್ರಶ್ನೆಗಿಂತ ಅಮ್ಮ ಆ ಬೆಂಚಲ್ಲಿ ಕೂತಿರೋದೇ ನಂಗೆ ಜಾಸ್ತಿ ಭಾರ. ಅಷ್ಟು ಹೊತ್ತು ಒಬ್ರು ನನಗೋಸ್ಕರ ಕಾದಿದಾರೆ ಅಂದ್ಮೇಲೆ ನಾನು ಸುಮಾರಾಗಿ ನುಡಿಸೋ ಹಾಗಿಲ್ಲ ಅಲ್ವಾ.

ಹೀಗೆ ಅಪ್ಪ ಓದಿನ ಗಂಟೆ ಎಣಿಸ್ತಿದ್ರು, ನಾನು ಪ್ರಾಕ್ಟೀಸಿನ ಗಂಟೆ ಎಣಿಸ್ತಿದ್ದೆ, ನಿದ್ದೆ ಗಂಟೆ ಯಾರೂ ಎಣಿಸ್ತಿರ್ಲಿಲ್ಲ.

ಗಂಟೆ ಎಣಿಸೋ ಹುಚ್ಚು ನಂಗೆ ಹತ್ತಿದ್ದು ಹತ್ತು ಸಾವಿರ ಗಂಟೆ ಮಾತಿನಿಂದ. ನೀವೂ ಕೇಳಿರ್ತೀರ, ಯಾವ ವಿದ್ಯೆಲಾದ್ರೂ 10,000 ಗಂಟೆ ಕಳೆದ್ರೆ ನಿಪುಣರಾಗ್ತಾರೆ ಅಂತ. ನಾನು ಕ್ಯಾಲ್ಕುಲೇಟರ್ ತಗೊಂಡು ಕೂತು, ದಿನಕ್ಕೆ ಎರಡು ಗಂಟೆ ಅಂದ್ರೂ ಇನ್ನೆಷ್ಟು ವರ್ಷ ಬೇಕು ಅಂತ ಲೆಕ್ಕ ಹಾಕಿ ಅತ್ತಿದ್ದೂ ಇದೆ. ಈ ಮಾತಿನ ಬೇರು ಇರೋದು 1993ರ ಒಂದು ಅಧ್ಯಯನದಲ್ಲಿ. ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತೆ ಅವರ ಇಬ್ಬರು ಸಹೋದ್ಯೋಗಿಗಳು ಬರ್ಲಿನ್ನಿನ ಒಂದು ಸಂಗೀತ ಅಕಾಡೆಮಿಯ ವಯೊಲಿನ್ ವಿದ್ಯಾರ್ಥಿಗಳನ್ನ ಕೇಳಿ ಮಾಡಿದ್ದು. ಅವರಲ್ಲಿ ತುಂಬಾ ಚೆನ್ನಾಗಿ ನುಡಿಸೋ ಗುಂಪು 20 ವರ್ಷ ಆಗೋಷ್ಟರಲ್ಲಿ ಸರಾಸರಿ ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿತ್ತು. ಅದು ಬರೀ ಸರಾಸರಿ, ದಾಟಲೇಬೇಕಾದ ಗೆರೆ ಅಲ್ಲ, ಇದನ್ನ ಎರಿಕ್ಸನ್ನೇ ಆಮೇಲೆ ಬಿಡಿಸಿ ಹೇಳಿದಾರೆ. ಅವರು ಎಣಿಸಿದ್ದು ಒಬ್ರೇ ಕೂತು ತಪ್ಪನ್ನ ಹುಡುಕಿ ತಿದ್ದಿಕೊಳ್ಳೋ ಅಭ್ಯಾಸನ, ಸುಮ್ನೆ ವಾದ್ಯ ಕೈಲಿದ್ದ ಹೊತ್ತನ್ನೆಲ್ಲ ಅಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯಾನೂ ಇದೆ, ಅದನ್ನ ಯಾರೂ ಹೇಳಲ್ಲ. ಚೆನ್ನಾಗಿ ನುಡಿಸ್ತಿದ್ದವರು ಉಳಿದವರಿಗಿಂತ ಜಾಸ್ತಿ ನಿದ್ದೆ ಮಾಡ್ತಿದ್ರು, ಮಧ್ಯಾಹ್ನದ ನಿದ್ದೆನೂ ಸೇರಿ ದಿನಕ್ಕೆ ಎಂಟೂವರೆ ಗಂಟೆ ಹತ್ರ ಹತ್ರ. ಇದೆಲ್ಲ ನಂಗೆ ಗೊತ್ತಾಗಿದ್ದು ತಡವಾಗಿ.

ಹೋದ ವರ್ಷ ಆರ್ಕೆಸ್ಟ್ರಾ ಕಾರ್ಯಕ್ರಮ ಮತ್ತೆ ಪರೀಕ್ಷೆ ಒಂದೇ ವಾರದಲ್ಲಿ ಬಂತು. ನಂಗೆ ಒಂದು ಸೋಲೋ ಭಾಗ ಕೊಟ್ಟಿದ್ರು, ಅದರ ಏಳನೇ ಸಾಲಲ್ಲಿ ಎಡಗೈನ ಒಂದೇ ಸಲ ಕೆಳಗಿನ ಜಾಗದಿಂದ ಬ್ರಿಡ್ಜ್ (ತಂತಿಗಳನ್ನ ಎತ್ತಿ ಹಿಡಿಯೋ ಮರದ ತುಂಡು) ಕಡೆಗೆ ಜಾರಿಸಿ ಮೇಲಿನ ಸ್ವರ ಹಿಡೀಬೇಕು. ವಯೊಲಿನ್‌ನಲ್ಲಿ ಗಿಟಾರ್ ಥರ ಮೆಟ್ಟಿಲು (ಫ್ರೆಟ್) ಇರಲ್ಲ, ಬೆರಳು ಎಲ್ಲಿ ಇಡ್ಬೇಕು ಅಂತ ಕೈಗೂ ಕಿವಿಗೂ ಮಾತ್ರ ಗೊತ್ತಿರುತ್ತೆ. ತಂತಿಯ ನುಡಿಯೋ ಭಾಗ ಸುಮಾರು 33 ಸೆಂಟಿಮೀಟರ್. ಶುರುವಿನಲ್ಲಿ ಅರ್ಧ ಸ್ವರಕ್ಕೆ (ಪಕ್ಕಪಕ್ಕದ ಸ್ವರಗಳ ಅತಿ ಚಿಕ್ಕ ಅಂತರ) ಹೆಚ್ಚುಕಮ್ಮಿ 1.8 ಸೆಂಟಿಮೀಟರ್ ಜಾಗ ಇದ್ರೆ, ತಂತಿಯ ಸರಿಯಾಗಿ ಅರ್ಧಕ್ಕೆ ಬಂದಾಗ, ಅಂದ್ರೆ ಒಂದು ಸ್ಥಾಯಿ ಮೇಲೆ, ಅದೇ ಅರ್ಧ ಸ್ವರಕ್ಕೆ 0.9 ಮಾತ್ರ. ಜಾಗ ಅರ್ಧ ಆಗುತ್ತೆ, ಅದೇ ಬೆರಳು, ಅದೇ ದಪ್ಪ. ಮೇಲಕ್ಕೆ ಹೋದಷ್ಟೂ ಒಂದು ಮಿಲಿಮೀಟರ್ ತಪ್ಪು ಎರಡು ಪಟ್ಟು ಕೇಳ್ಸುತ್ತೆ. 12ನೇ ವಯಸ್ಸಲ್ಲಿ ಮುಕ್ಕಾಲು ಸೈಜಿನ ವಯೊಲಿನ್ ಬಿಟ್ಟು ಫುಲ್ ಸೈಜ್ ಹಿಡಿದಾಗ ಎಲ್ಲಾ ಅಳತೆನೂ ಹೊಸದಾಗಿ ಕಲೀಬೇಕಾಗಿತ್ತು, ಆ ಮೂರು ತಿಂಗಳು ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೇಲಿ ಏನೋ ಆಗುತ್ತೆ.

ಆ ಸಾಲು ನಂಗೆ ಕೂರ್ಲೇ ಇಲ್ಲ. ಕೂರ್ದಿದ್ದಕ್ಕೆ ನಾನು ಮಾಡಿದ್ದು ಏನು, ಗಂಟೆ ಜಾಸ್ತಿ ಮಾಡ್ದೆ. ಮೊದಲ ಸಾಲಿಂದ ಕೊನೇ ಸಾಲಿನ ತನಕ ನುಡಿಸೋದು, ಏಳನೇ ಸಾಲಲ್ಲಿ ತಪ್ಪೋದು, ಮುಂದೆ ಹೋಗೋದು, ಮತ್ತೆ ಮೊದಲಿಂದ. ರಾತ್ರಿ ಪಕ್ಕದ ರೂಮಲ್ಲಿ ನನ್ನ ಅಕ್ಕ ಓದ್ತಿರ್ತಾಳೆ ಅಂತ ಬ್ರಿಡ್ಜಿಗೆ ಸದ್ದು ತಗ್ಗಿಸೋ ಮ್ಯೂಟ್ ಸಿಕ್ಕಿಸ್ಕೊಂಡು ಹನ್ನೊಂದೂವರೆ ತನಕ. ಆಮೇಲೆ ಕೆಮಿಸ್ಟ್ರಿ. ಐದು ಗಂಟೆ ನಿದ್ದೆ. ಎಡ ಮಣಿಕಟ್ಟು ನೋಯೋಕೆ ಶುರುವಾದಾಗ ಅದು ಕಷ್ಟಪಡ್ತಿರೋದರ ಗುರುತು ಅಂತ ಒಳಗೊಳಗೇ ಹೆಮ್ಮೆ ಪಟ್ಟಿದ್ದೆ. ಕಾರ್ಯಕ್ರಮದ ದಿನ ಏಳನೇ ಸಾಲಲ್ಲಿ ಕೈ ಜಾರ್ಸಿದೆ, ಸ್ವರ ಶ್ರುತಿಗೆ ಸೇರ್ಲಿಲ್ಲ, ಎರಡನೇ ಸಾಲಿನ ಕುರ್ಚಿಗಳಲ್ಲಿ ಕೂತಿದ್ದ ಅಮ್ಮ ಚಪ್ಪಾಳೆ ತಟ್ಟಿದ್ರು, ನಂಗೆ ಅವರ ಮುಖ ನೋಡೋಕೆ ಆಗ್ಲಿಲ್ಲ. ಕೆಮಿಸ್ಟ್ರಿ ಮಾರ್ಕ್ಸೂ ಬಿತ್ತು. ಎರಡೂ ಹೋಯ್ತು.

ಮುಂದಿನ ಶನಿವಾರ ವಯೊಲಿನ್ ಮೇಡಂ ಹತ್ರ ಅಳ್ತಾ ನೋಟ್‌ಬುಕ್ ತೋರಿಸ್ದೆ, ನೋಡಿ ಇಷ್ಟು ಮಾಡಿದೀನಿ ಅಂತ. ಅವರು ಒಂದೊಂದೇ ಹಾಳೆ ತಿರುವಿ ನೋಡಿ, "ಎಷ್ಟು ಹೊತ್ತು ಅಂತ ಬರ್ದಿದ್ದೀಯ, ಏನು ಮಾಡ್ದೆ ಅಂತ ಎಲ್ಲಿದೆ?" ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಆಮೇಲೆ ಅವರು ಹೇಳಿದ್ದು, ನೀನು ಆ ಸಾಲನ್ನ ದಿನಕ್ಕೆ ಹತ್ತು ಸಲ ತಪ್ಪು ನುಡಿಸಿದ್ರೆ ಕೈ ಆ ತಪ್ಪನ್ನೇ ಕಲಿಯುತ್ತೆ, ಕೈಗೆ ಸರಿ ತಪ್ಪು ಗೊತ್ತಿಲ್ಲ, ಎಷ್ಟು ಸಲ ಮಾಡ್ದೆ ಅನ್ನೋದಷ್ಟೇ ಗೊತ್ತು. ನೋವು ಬಂದ ತಕ್ಷಣ ವಾದ್ಯ ಕೆಳಗಿಡು, ಇದು ಮಾತ್ರ ಅಪ್ಪಣೆ, ಅಂದ್ರು.

ಆವತ್ತು ಕ್ಲಾಸಲ್ಲಿ ಪೂರ್ತಿ ಒಂದು ಗಂಟೆ ಬರೀ ಎರಡು ಸ್ವರ. ಮೊದಲು ಮೇಲಿನ ಸ್ವರನ ಬಾಯಲ್ಲಿ ಹಾಡು, ಆಮೇಲೆ ಕೈ ಜಾರಿಸು, ಜಾರಿಸೋ ಮುಂಚೆ ಹೆಬ್ಬೆರಳು ಬಿಗಿ ಬಿಡು, ಬೋ (ಕಮಾನು) ಒತ್ತಡ ಒಂಚೂರು ಕಮ್ಮಿ ಮಾಡು. ನಾನು ಒಂದು ವರ್ಷದಿಂದ ಹೆಬ್ಬೆರಳಲ್ಲಿ ವಯೊಲಿನ್ ಕುತ್ತಿಗೆನ ಹಿಸುಕ್ತಿದ್ದೆ! ಮಣಿಕಟ್ಟಿನ ನೋವು ಅಲ್ಲಿಂದಲೇ ಶುರು. ಮೂರು ಗಂಟೆ ನುಡಿಸೋವಾಗ ಒಂದ್ಸಲಾನೂ ನಂಗದು ಕಾಣ್ಸಿರ್ಲಿಲ್ಲ, ನಿಧಾನ ಮಾಡಿದ ತಕ್ಷಣ ಕಾಣ್ಸ್ತು.

ಈಗ ನೋಟ್‌ಬುಕ್ ಬೇರೆ ಥರ ಇದೆ. ನುಡಿಸೋಕೆ ಮುಂಚೆ ಇವತ್ತು ಯಾವ ಜಾಗ, ಏನು ಕೆಟ್ಟಿದೆ ಅಂತ ಒಂದು ವಾಕ್ಯ ಬರೀತೀನಿ. "ಏಳನೇ ಸಾಲು, ಮೇಲಿನ ಸ್ವರ ತಗ್ಗು ಬರ್ತಿದೆ." ಅದೊಂದನ್ನೇ ಹತ್ತು ನಿಮಿಷ, ಟಿಕ್ ಟಿಕ್ ಅಂತ ಲಯ ತೋರಿಸೋ ಮೆಟ್ರೋನೋಮ್‌ನ ನಿಧಾನಕ್ಕೆ, ನಿಮಿಷಕ್ಕೆ 50 ಬಡಿತಕ್ಕೆ ಇಟ್ಟು. ಆಮೇಲೆ ಬೇರೆ ಏನೋ, ಆಮೇಲೆ ಮತ್ತೆ ಅದಕ್ಕೆ ವಾಪಸ್. ವಾಪಸ್ ಬಂದಾಗ ಮೊದಲ ಪ್ರಯತ್ನ ಹೇಗೆ ಬರುತ್ತೋ ಅದೇ ನಿಜವಾದ ಪರೀಕ್ಷೆ, ಯಾಕಂದ್ರೆ ಸ್ಟೇಜಲ್ಲಿ ಸಿಗೋದು ಆ ಮೊದಲ ಪ್ರಯತ್ನ ಒಂದೇ. ಸ್ಕೂಲ್ ಇರೋ ದಿನ ಎಲ್ಲಾ ಸೇರಿ ಒಂದೂಕಾಲು ಗಂಟೆ ಮೀರಲ್ಲ. ಓದಿಗೂ ಇದನ್ನೇ ತಂದೆ, ಅಧ್ಯಾಯನ ಮತ್ತೆ ಮತ್ತೆ ಓದೋದು ಬಿಟ್ಟು, ಪುಸ್ತಕ ಮುಚ್ಚಿ ನೆನಪಿರೋದನ್ನ ಬಿಳಿ ಹಾಳೇಲಿ ಬರೆದು, ಎಲ್ಲಿ ನಿಂತುಹೋಗುತ್ತೋ ಆ ಜಾಗ ಮಾತ್ರ ತೆರೆದು ನೋಡೋದು. ಪ್ರತಿ ಅಧ್ಯಾಯದಲ್ಲೂ ಒಂದು ಏಳನೇ ಸಾಲು ಇರುತ್ತೆ.

ನಿದ್ದೆ ವಿಷಯಕ್ಕೆ ಬಂದ್ರೆ, ಇದನ್ನ ನನ್ನ ವಯಸ್ಸಿನವರೆಲ್ಲ ದಯವಿಟ್ಟು ಕೇಳಿ. 2002ರಲ್ಲಿ ನಿದ್ದೆ ಬಗ್ಗೆ ಸಂಶೋಧನೆ ಮಾಡೋ ಮ್ಯಾಥ್ಯೂ ವಾಕರ್ ಮತ್ತೆ ಜೊತೆಗಾರರು ಒಂದು ಪ್ರಯೋಗ ಮಾಡಿದ್ರು, ಬೆರಳಲ್ಲಿ ಒಂದೇ ಕ್ರಮದಲ್ಲಿ ಕೀ ಒತ್ತೋದನ್ನ ಜನರಿಗೆ ಕಲಿಸಿ, ಮಧ್ಯೆ ನಿದ್ದೆ ಮಾಡಿದ್ರೆ ಏನಾಗುತ್ತೆ ಅಂತ. ಒಂದು ರಾತ್ರಿ ಮಲಗಿ ಎದ್ದವರ ವೇಗ, ಹೆಚ್ಚಿಗೆ ಅಭ್ಯಾಸ ಏನೂ ಮಾಡ್ದೇ ಸುಮಾರು 20 ಶೇಕಡ ಜಾಸ್ತಿ ಆಗಿತ್ತು. ಬರೀ ಎಚ್ಚರವಾಗಿ ಕಾದವರಿಗೆ ಆ ಲಾಭ ಸಿಗ್ಲಿಲ್ಲ. ಅಂದ್ರೆ ನಾವು ಸಾಯಂಕಾಲ ಕಲಿತಿದ್ದನ್ನ ತಲೆ ರಾತ್ರಿ ಕೂತು ಗಟ್ಟಿ ಮಾಡುತ್ತೆ, ಆ ಹೊತ್ತನ್ನೇ ನಾನು ಕತ್ತರಿಸ್ತಿದ್ದೆ. 13ರಿಂದ 18 ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ ಅನ್ನೋ ನಿದ್ರಾ ವೈದ್ಯರ ಸಂಸ್ಥೆ 2016ರಲ್ಲಿ ಹೇಳಿದೆ. ನಂಗೆ ಎಂಟು ಇನ್ನೂ ಆಗ್ತಿಲ್ಲ, ಏಳೂವರೆಗೆ ಬಂದಿದೀನಿ.

ಅಪ್ಪನಿಗೆ ಇದನ್ನ ಅರ್ಥ ಮಾಡಿಸೋದೇ ಕಷ್ಟ ಆಗಿತ್ತು. ಹತ್ತು ಗಂಟೆಗೆ ಲೈಟ್ ಆರಿಸಿದ್ರೆ ಅವರ ಕಣ್ಣಿಗೆ ಅದು ಸೋಮಾರಿತನ, ಪುಸ್ತಕ ಎದುರಿಗಿದ್ರೆ ಅದು ಓದು. ಎರಡು ಸಲ ಜಗಳಾನೂ ಆಯ್ತು, ಒಂದ್ಸಲ ನಾನು ಜೋರಾಗಿ ಮಾತಾಡ್ಬಿಟ್ಟೆ, ಅದು ತಪ್ಪು, ಮಾರನೇ ದಿನ ಹೋಗಿ ಹೇಳಿದೆ ತಪ್ಪಾಯ್ತು ಅಂತ. ಆಮೇಲೆ ವಾದ ಮಾಡೋದು ಬಿಟ್ಟು ಎರಡೂ ನೋಟ್‌ಬುಕ್ ಅವರ ಮುಂದೆ ಇಟ್ಟೆ, ಹಳೇ ಹಾಳೆ ಒಂದು, ಹೊಸ ಹಾಳೆ ಒಂದು, ಪಕ್ಕದಲ್ಲಿ ಕೆಮಿಸ್ಟ್ರಿದು ಬಿಳಿ ಹಾಳೆ. ತುಂಬಾ ಹೊತ್ತು ನೋಡಿದ್ರು. ಒಂದು ತಿಂಗಳು ನೋಡೋಣ ಅಂದ್ರು. ಆ ಒಂದು ತಿಂಗಳು ಮುಗಿದು ಈಗ ನಾಲ್ಕಾಯ್ತು, ಮಾರ್ಕ್ಸ್ ಮೊದಲಿನ ಜಾಗಕ್ಕೆ ಬಂದಿದೆ, ಅವರೂ ಮತ್ತೆ ಆ ಮಾತು ಎತ್ತಿಲ್ಲ.

ಇನ್ನೊಂದು ಇದೆ, ಅಜ್ಜಿದು. ಅಜ್ಜಿ ನಂಗೆ ಎಷ್ಟೋ ತಿಂಗಳಿಂದ "ಒಂದು ಹಾಡು ನುಡಿಸು ಮಗಾ" ಅಂತ ಕೇಳ್ತಿದ್ರು, ನಾನು ಪ್ರಾಕ್ಟೀಸ್ ಇದೆ ಅಜ್ಜಿ ಅಂತ ಬಾಗಿಲು ಹಾಕ್ಕೊಳ್ತಿದ್ದೆ. ಯಾವ ಸಂಗೀತಕ್ಕೋಸ್ಕರ ಅಷ್ಟೆಲ್ಲ ಮಾಡ್ತಿದ್ನೋ ಅದನ್ನ ಕೇಳ್ಬೇಕು ಅಂತ ಮನೇಲಿ ಆಸೆಪಟ್ಟಿದ್ದು ಅವರೊಬ್ರೇ. ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ. ಈಗ ಕೊನೇ ಹತ್ತು ನಿಮಿಷ ಅವರದ್ದು. ಬಾಗಿಲು ತೆಗೆದಿಟ್ಟು ಅವರು ಕೇಳಿದ ಹಾಡು, ತಪ್ಪಾದ್ರೂ ನಿಲ್ಲಿಸೋ ಹಾಗಿಲ್ಲ. ಅವರು ಕಣ್ಣು ಮುಚ್ಚಿ ಕಾಲ್ಬೆರಳಲ್ಲಿ ತಾಳ ಹಾಕ್ತಾರೆ, ಲಯ ಓಡಿದ್ರೆ ಮೆಟ್ರೋನೋಮ್‌ಗಿಂತ ಮೊದಲು ಅವರಿಗೆ ಗೊತ್ತಾಗುತ್ತೆ.

ನಿನ್ನೆ ರಾತ್ರಿ ವಯೊಲಿನ್ ಒರೆಸಿ, ಬೋ ಸಡಿಲ ಮಾಡಿ ಪೆಟ್ಟಿಗೆಗೆ ಇಡ್ತಿದ್ದೆ. ಅಪ್ಪ ಬಾಗಿಲ ಹತ್ರ ಬಂದು ನಿಂತ್ರು. ಎಷ್ಟು ಹೊತ್ತು ಓದ್ದೆ ಅಂತ ಕೇಳ್ತಾರೆ ಅನ್ಕೊಂಡೆ.

"ಆ ಏಳನೇ ಸಾಲು ಇವತ್ತು ಕೂತ್ಕೊಳ್ತಾ?" ಅಂದ್ರು.

ಹತ್ತರಲ್ಲಿ ಏಳು ಸಲ ಬಂತಪ್ಪ ಅಂದೆ.

"ಕೇಳಿಸ್ತು," ಅಂತ ಹೇಳಿ ಲೈಟ್ ಆರಿಸಿ ಹೋದ್ರು.